ಅವ್ವನ ಹೆಸರಿನ ಮುಂದಿನ ಗುರುತು

ಹೋದ ಭಾನುವಾರ ತವರಿಗೆ ಹೋಗಿದ್ದೆ. ಸೋಮನಾಥಪುರದಿಂದ ಸ್ವಲ್ಪ ಒಳಗಿರುವ ಹಳ್ಳಿ. ಜಗಲಿಯ ಮೇಲೆ ಅವ್ವನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅಷ್ಟರಲ್ಲಿ ನಮ್ಮೂರ ಮಹದೇವ ಬಂದ. ಕೈಯಲ್ಲಿ ವೋಟರ್ ಲಿಸ್ಟು, ಜೇಬಿನಲ್ಲಿ ಪೆನ್ನು. ಪಂಚಾಯಿತಿ ಎಲೆಕ್ಷನ್ನು ಇನ್ನೇನು ಬಂದೇಬಿಟ್ಟಿತು ಅಂತ ಊರಲ್ಲೆಲ್ಲ ಸುದ್ದಿಯಾಗಿದೆಯಲ್ಲ, ಅದಕ್ಕೆ.

"ದೊಡ್ಡವ್ವ, ಈ ಸಲ ನಮ್ಗೇ ತಾನೆ?" ಅಂದ.

ಅವ್ವ ತಲೆ ಎತ್ತಲಿಲ್ಲ. "ಅದಿರ್ಲಿ. ನನ್ನೆಸ್ರು ಮುಂದೆ ಏನ್ ಗುರ್ತು ಆಕಂಡಿದ್ದೀಯ, ತೋರ್ಸ್ಲಾ."

ಮಹದೇವ ಲಿಸ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಐವತ್ತು ದಾಟಿದ, ಮೊಮ್ಮಗು ಕಂಡ ಗಂಡಸು! ನನಗೆ ನಗು ತಡೆಯಲಾಗಲಿಲ್ಲ. ಇದರಲ್ಲಿ ನಗುವಂಥದ್ದೇನು ಅಂತೀರಾ? ಅದಕ್ಕೆ ಕೊರೋನಾ ಕಾಲಕ್ಕೆ ಹೋಗಬೇಕು.

ನಮ್ಮ ಕಡೆಯ ಪಂಚಾಯಿತಿ ಎಲೆಕ್ಷನ್ನಿನ ಮುಂದೆ ಎಂಎಲ್‌ಎ ಎಲೆಕ್ಷನ್ನು ಏನೂ ಅಲ್ಲ. ಕ್ಯಾಂಡಿಡೇಟು ಒಂದೊಂದು ಮನೆಗೂ ಹೋಗುತ್ತಾನೆ, ಮಾತಾಡಿಸುತ್ತಾನೆ, ಬೀದಿಗೆ ಬಂದ ಕೂಡಲೇ ಲಿಸ್ಟಿನಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ನಮ್ಮವರಾದರೆ ಟಿಕ್ಕು. ಎದುರು ಪಾರ್ಟಿಯಾದರೆ ಇಂಟು. ಬಾಯಿ ಬಿಡದವರಿಗೆ ಪ್ರಶ್ನೆ ಗುರುತು.

ನಮ್ಮವ್ವ ಬಾಯಿ ಬಿಡುವವಳಲ್ಲ. ಬಂದವರಿಗೆಲ್ಲ ಕಾಫಿ ಕೊಡುತ್ತಾಳೆ, ಮಾತು ಮಾತ್ರ ಯಾರಿಗೂ ಕೊಡುವುದಿಲ್ಲ. "ವೋಟಾಕೋ ಜಾಗದಲ್ಲಿ ಸುತ್ತ ರಟ್ಟು ಕಟ್ಟಿರೋದು ಯಾಕೆ, ಆಚೆಗೆ ಬಂದು ಏಳ್ಕಳಕ್ಕಾ?" ಅನ್ನುತ್ತಾಳೆ. ಅವಳ ಮುಂದೆ ತಮ್ಮನೂ ಅವನ ಹೆಂಡತಿಯೂ ತುಟಿ ಬಿಚ್ಚುವುದಿಲ್ಲ. (ಅವ್ವ ಅಪ್ಪನಿಗೂ ಹೇಳುತ್ತಿರಲಿಲ್ಲವಂತೆ. ನಲವತ್ತು ವರ್ಷ ಸಂಸಾರ ಮಾಡಿ!)

ಹೋದ ಸಲ ನಮ್ಮ ವಾರ್ಡಿನಲ್ಲಿ ಮಹದೇವ ಸೋತ, ಅವನ ಎದುರು ನಿಂತಿದ್ದ ನಾಗರತ್ನ ಗೆದ್ದಳು. ತೀರಾ ಕಡಿಮೆ ಅಂತರ. ಎಣಿಕೆಯ ದಿನದಿಂದ ಇಬ್ಬರಿಗೂ ಮಾತಿಲ್ಲ. ಕೆಲವೇ ತಿಂಗಳಿಗೆ ಕೊರೋನಾದ ಎರಡನೇ ಅಲೆ ಬಂತು.

ಇಬ್ಬರೂ ದುಡಿದರು. ಅದನ್ನು ಯಾರೂ ಇಲ್ಲ ಅನ್ನುವಂತಿಲ್ಲ. ನಾಗರತ್ನ ಮನೆಯವರ ಕೈಲಿ ಬೈಸಿಕೊಂಡು ಆಶಾ ಕಾರ್ಯಕರ್ತೆಯ ಜೊತೆ ಆಕ್ಸಿಮೀಟರು, ಮಾತ್ರೆ ಹಿಡಿದು ಬೀದಿ ಸುತ್ತಿದಳು. ಮಹದೇವ ತನ್ನ ಓಮ್ನಿಯ ಹಿಂದಿನ ಸೀಟು ಕಿತ್ತು, ಹಾಸಿಗೆ ಹಾಸಿ, ಕಾಯಿಲೆಯವರನ್ನು ನರಸೀಪುರದ ಆಸ್ಪತ್ರೆಗೆ ಸಾಗಿಸಿದ. ಮನೆಮನೆಗೆ ಅಕ್ಕಿಬೇಳೆ ಚೀಲವನ್ನೂ ಜ್ವರದ ಮಾತ್ರೆಯನ್ನೂ ಹಂಚಿದ. ಸೋತವನಿಗೆ ಯಾಕಪ್ಪ ಇದೆಲ್ಲ ಅಂತ ಆಮೇಲೊಮ್ಮೆ ಕೇಳಿದ್ದೆ. "ಸೋತೋನು ಮನೇಲಿ ಕುಂತ್ಕಂಡ್ರೆ ಇನ್ನೊಂದ್ ಸಲ ಸೋತಂಗಲ್ವಾ ಅಕ್ಕ?" ಅಂದಿದ್ದ.

ನಾನಿದ್ದದ್ದು ನಂಜನಗೂಡಿನಲ್ಲಿ, ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡು. ಒಂದು ಬೆಳಿಗ್ಗೆ ತಮ್ಮ ಫೋನ್ ಮಾಡಿದ. ಅವನಿಗೆ, ಅವನ ಹೆಂಡತಿಗೆ, ಅವ್ವನಿಗೆ, ಮೂವರಿಗೂ ಜ್ವರ. "ಅಕ್ಕ, ಅವ್ವ ಉಸ್ರಿಗೆ ಕಷ್ಟ ಪಡ್ತಾವ್ಳೆ. ಮಲಗಿ ಐದು ದಿನ ಆಯ್ತು, ಒಬ್ರೂ ಈ ಕಡೆ ಬಂದಿಲ್ಲ."

ಇಬ್ಬಿಬ್ಬರು ಬೀದಿಬೀದಿ ಸುತ್ತುತ್ತಿರುವ ಊರಲ್ಲಿ ನಮ್ಮ ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲವಾ? ನಾವೇನು ತಪ್ಪು ಮಾಡಿದ್ದೆವು? ನಾಗರತ್ನಳಿಗೆ ಫೋನ್ ಮಾಡಿದೆ.

"ಅಯ್ಯೋ ಅಕ್ಕ, ನಿಮ್ಮನೆ ಮಾದೇವಣ್ಣನ್ ಕಡೆ ಅಲ್ವಾ? ಅವ್ರೇ ನೋಡ್ಕತಾವ್ರೆ ಅನ್ಕಂಡಿದ್ದೆ."

ಮಹದೇವನಿಗೆ ಮಾಡಿದೆ.

"ನಿಮ್ದು ನಾಗರತ್ನನ್ ಮನೆ ಅಂತಲ್ವಾ ಅಕ್ಕ ನಾನ್ ತಿಳ್ಕಂಡಿದ್ದು? ಮೆಂಬರ್ರೇ ಬತ್ತಾವ್ರಲ್ಲ ಅಂತ ಸುಮ್ನಿದ್ದೆ."

ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಇಬ್ಬರಿಗೂ ಬಾಯಿಗೆ ಬಂದಂತೆ ಬೈದೆ.

ಹತ್ತು ನಿಮಿಷದಲ್ಲಿ ಇಬ್ಬರೂ ನಮ್ಮ ಬಾಗಿಲಲ್ಲಿದ್ದರಂತೆ. ನಾಗರತ್ನ ಅವ್ವನ ಬೆರಳಿಗೆ ಆಕ್ಸಿಮೀಟರು ಸಿಕ್ಕಿಸಿದಳು. ತೊಂಬತ್ತಕ್ಕಿಂತ ಸಾಕಷ್ಟು ಕೆಳಗಿತ್ತು. "ಮಾದೇವಣ್ಣ, ಗಾಡಿ ತನ್ನಿ," ಅಂದಳು. ಎಣಿಕೆಯಾದ ಮೇಲೆ ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು. ಅವನು ಗಾಡಿ ಓಡಿಸಿದ, ಅವಳು ದಾರಿಯುದ್ದಕ್ಕೂ ಬೆಡ್ಡಿಗಾಗಿ ಫೋನ್ ಮಾಡಿದಳು. ಅವ್ವ ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದು ಮನೆಗೆ ಬಂದಳು. ಇನ್ನೊಂದು ದಿನ ತಡವಾಗಿದ್ದರೆ? ಅದನ್ನು ಯೋಚಿಸಲು ಈಗಲೂ ನನಗೆ ಧೈರ್ಯವಿಲ್ಲ.

ಅವ್ವನನ್ನು ಆಸ್ಪತ್ರೆಗೆ ಸೇರಿಸಿದ ಮಾರನೇ ದಿನ ಸ್ಕೂಲಿನ ಜಗಲಿಯಲ್ಲಿ ಇಬ್ಬರೂ ಕೂತು ತಮ್ಮ ತಮ್ಮ ಎಲೆಕ್ಷನ್ ಲಿಸ್ಟು ಬಿಚ್ಚಿದರಂತೆ. ಊರಿನ ಒಂದೊಂದು ಮನೆಯ ವಿವರವೂ ಇದ್ದ ಕಾಗದ ಅದೊಂದೇ ಆದ್ದರಿಂದ ಇಬ್ಬರೂ ಅಷ್ಟು ದಿನ ಅದನ್ನೇ ಹಿಡಿದು ಓಡಾಡಿದ್ದರು. ತನ್ನ ಟಿಕ್ಕಿನ ಮನೆ ಮೊದಲು. ಇಂಟು ಇದ್ದ ಮನೆ ಹೇಗೂ ಎದುರಿನವರದು, ಅವರು ನೋಡಿಕೊಳ್ಳುತ್ತಾರೆ. ಸರಿ, ಪ್ರಶ್ನೆ ಇದ್ದ ಮನೆ? ಅದೂ ಅವಳದೇ ಇರಬೇಕು ಅಂತ ಇವನು ಅಂದುಕೊಂಡ, ಇವನದೇ ಇರಬೇಕು ಅಂತ ಅವಳು ಅಂದುಕೊಂಡಳು.

ಲಿಸ್ಟು ಅಕ್ಕಪಕ್ಕ ಇಟ್ಟಾಗ ಇನ್ನೊಂದು ತಮಾಷೆ ಹೊರಬಿತ್ತು. ಕೆಲವು ಮನೆಗಳಿಗೆ ಎರಡರಲ್ಲೂ ಟಿಕ್ಕು. ಇಬ್ಬರಿಗೂ "ನಿಮ್ಗೇ ಕಣ್ರೀ" ಅಂದ ಬುದ್ಧಿವಂತರು. ಅವರಿಗೆ ಇಬ್ಬರ ಸಹಾಯವೂ ಸಿಕ್ಕಿತ್ತು, ಮಾತ್ರೆಯಂತೂ ಎರಡೆರಡು ಸಲ. ಯಾರಿಗೂ ಸುಳ್ಳು ಹೇಳದ ಮನೆಗಳಿಗೆ ಏನೂ ಇಲ್ಲ. ಅವತ್ತು ಸಂಜೆ ಇಬ್ಬರೂ ಜೊತೆಯಾಗಿಯೇ ಪ್ರಶ್ನೆಯ ಮನೆಗಳಿಗೆ ಹೊರಟರು. ಕೊನೇ ಬೀದಿಯ ದರ್ಜಿಯ ಮನೆಯಲ್ಲಿ ಗಂಡ ಹೆಂಡತಿ ಎದ್ದು ನೀರು ಕುಡಿಯಲೂ ಆಗದೆ ಮಲಗಿದ್ದರಂತೆ. ಓಮ್ನಿ ಮತ್ತೆ ನರಸೀಪುರಕ್ಕೆ ಓಡಿತು.

ಅವರದು ಕೆಟ್ಟತನವಾ? ನನಗಂತೂ ಹಾಗನ್ನಿಸಿಲ್ಲ. ಜೀವದ ಮೇಲಿನ ಆಸೆ ಬಿಟ್ಟು ಓಡಾಡಿದವರು ಅವರು. ಆದರೂ ಒಂದು ಕುತೂಹಲ ನನ್ನನ್ನು ಬಿಟ್ಟಿಲ್ಲ. ಎಲೆಕ್ಷನ್ ಮುಗಿದು ತಿಂಗಳುಗಳಾದರೂ ಆ ಗುರುತು ಯಾಕೆ ಅಳಿಯುವುದಿಲ್ಲ?

ಮೊನ್ನೆಯ ಜಗಲಿಗೆ ಬರೋಣ. ಮಹದೇವ ಇನ್ನೂ ಕೈ ಬೆನ್ನ ಹಿಂದೆ ಇಟ್ಟುಕೊಂಡೇ ನಿಂತಿದ್ದ.

"ಪ್ರಶ್ನೆನೇ ತಾನೆ? ಇರ್ಲಿ ಬಿಡು," ಅಂದಳು ಅವ್ವ. "ಜ್ವರ ಗಿರ ಬಂದಾಗ ಮಾತ್ರ ಅದನ್ನ ಮನೇಲಿ ಮಡಗ್ಬುಟ್ಟು ಬಾ."

ಅವನು ಕಾಫಿ ಕುಡಿದು ಹೋದ. ನನಗೆ ತಡೆಯಲಾಗಲಿಲ್ಲ. ಅವ್ವನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದೆ, "ಹೋದ ಸಲ ಇಬ್ಬರಲ್ಲಿ ಯಾರಿಗವ್ವ ವೋಟು ಹಾಕಿದ್ದೆ? ನನಗಾದ್ರೂ ಹೇಳು."

ಅವ್ವ ಸಿಪ್ಪೆ ಕೊಡವಿ ನನ್ನ ಮುಖ ನೋಡಿದಳು.

"ಯಾಕವ್ವ, ನೀನೂ ಲಿಸ್ಟು ಇಡ್ಕಂಡು ಬಂದಿದ್ದೀಯಾ?"