ಒಂಟಿಕಾಲಿನ ಶಿಕ್ಷೆ

ಗೆಳೆಯರೇ, ಮಗಳಿಗೆ ಬೀದಿಯಲ್ಲಿ ಶಿಕ್ಷೆ ಕೊಟ್ಟಿದ್ದೇನೆ ಎಂಬ ಆರೋಪ ಇವತ್ತು ಸಂಜೆ ನನ್ನ ಮೇಲೆ ಬಂತು.

ಎಂಟು ವರ್ಷದ ಮಗಳು ಮನೆಯೆದುರು ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದು, ಒಂಟಿಕಾಲಲ್ಲಿ ನಿಂತಿದ್ದಳು. ಎದುರುಮನೆಯ ಅಜ್ಜಿ ಜಗಲಿಯಿಂದಲೇ ಕೂಗಿದರು: “ಯಾಕ್ರೀ ಟೀಚರಮ್ಮ, ಮಗೀನ ಹಿಂಗೆ ಒಂಟಿಕಾಲಲ್ಲಿ ನಿಲ್ಸಿದ್ದೀರಿ? ಏನ್ ತಪ್ ಮಾಡ್ತು, ಪಾಪ?”

“ಶಿಕ್ಷೆ ಅಲ್ಲ ಅಜ್ಜಿ, ಆಟ ಆಡ್ತಿದಾಳೆ,” ಎಂದೆ.

“ಒಬ್ಳೇನಾ?”

ಹೌದು, ಒಬ್ಬಳೇ. ವರ್ಗಾವಣೆಯಲ್ಲಿ ಅರಸೀಕೆರೆ, ಬೇಲೂರು ಎರಡೂ ಸಿಗುತ್ತಿದ್ದವು. ಅರಸೀಕೆರೆಯಲ್ಲಿ ರೈಲಿತ್ತು, ಅಕ್ಕನ ಮನೆಯಿತ್ತು. ಆದರೂ ಬಯಲು ಕಂಡರೆ ಓಡುವ ಮಗಳಿಗಾಗಿ, ಗಾಡಿಗಳ ಕಾಟವಿಲ್ಲದ ಈ ಬೀದಿಯನ್ನು ನೋಡಿಯೇ ಬೇಲೂರನ್ನು ಆರಿಸಿದ್ದೆ. ಬಂದು ಎರಡು ತಿಂಗಳಾಯಿತು. ಬೀದಿ ಖಾಲಿಯಿದೆ, ನಿಜ; ಮಕ್ಕಳೂ ಇಲ್ಲದಷ್ಟು ಖಾಲಿ. ಮಗಳು ತನ್ನ ಸರದಿ ಮುಗಿಸಿ, ಎದುರಾಳಿಯ ಸರದಿಯನ್ನೂ ತಾನೇ ಆಡುತ್ತಾಳೆ.

“ನಿಮ್ಮ ಮೊಮ್ಮಗಳನ್ನ ಒಂಚೂರು ಕಳಿಸಿ ಅಜ್ಜಿ,” ಎಂದು ಕೇಳಿದೆ.

“ಎಲ್ ಬತ್ತಾಳೆ ಕಣ್ರೀ? ದಿನಾ ಇಪ್ಪತ್ತರ ತನಕ ಮಗ್ಗಿ ಐದೈದು ಸಲ ಬರೀಬೇಕಂತೆ. ಸ್ಕೂಲಿಂದ ಬಂದಾಗಿಂದ ತಲೆ ಎತ್ತಿಲ್ಲ. ಈ ಬೀದಿ ಮಕ್ಳೆಲ್ಲಾ ನಿಮ್ ಐದನೇ ಕ್ಲಾಸೇ, ಮನೇಲಿ ಅದ್ನೇ ಬರೀತಾ ಕೂತವ್ರೆ. ನೀವೇ ಅಲ್ವಾ ಕೊಟ್ಟಿರೋದು?”

ಮಗಳು ನನ್ನ ಮುಖ ನೋಡಿದಳು. ನಾನು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಅವಳ ಕೈಯಿಂದ ಬಿಲ್ಲೆ ಇಸಿದುಕೊಂಡೆ.

ಅಜ್ಜಿ ಶಿಕ್ಷೆ ಅಂದುಕೊಂಡದ್ದು ಸರಿಯೇ ಇತ್ತು. ಒಂಟಿಕಾಲಲ್ಲಿ ನಿಲ್ಲಬೇಕಾದವಳು ಮಾತ್ರ ಬೇರೆ.