ಮಂಡಕ್ಕಿ ಭಟ್ಟಿಯಲ್ಲಿ ವಿಮಾನ

ದಾವಣಗೆರೆ ಜಿಲ್ಲೆಯಾದ ಮರುವರ್ಷ ನಾನು ಹರಿಹರದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತನಾಗಿದ್ದೆ. ದಿನಾ ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗಿಬರುವಾಗ ತಲೆಯ ಮೇಲೆ ಹೆಡ್‌ಫೋನ್ ಇರಲೇಬೇಕಿತ್ತು. ಸೊಂಟದ ವಾಕ್‌ಮನ್ನಿನ ಸೆಲ್ಲು ದೊಡ್ಡಬಾತಿ ದಾಟುವಷ್ಟರಲ್ಲಿ ಸತ್ತಿರುತ್ತಿತ್ತು. ಆದರೂ ತೆಗೆಯುತ್ತಿರಲಿಲ್ಲ. ಇಲ್ಲದ ಹಾಡಿಗೆ ತಲೆ ಕುಣಿಸುತ್ತ, ಹಿಂದಿನ ಸೀಟಿನವರು ನನ್ನ ಬಗ್ಗೆ ಆಡುವ ಮಾತನ್ನೆಲ್ಲ ಸ್ಪಷ್ಟವಾಗಿ ಕೇಳಿಸಿಕೊಳ್ಳುತ್ತ ಹರಿಹರ ಮುಟ್ಟುತ್ತಿದ್ದೆ.

ಈ ಶೋಕಿಯೇ ನನ್ನನ್ನು ಅಮೀನಾಬೀಯವರ ಕಣ್ಣಲ್ಲಿ ತಜ್ಞನನ್ನಾಗಿ ಮಾಡಿತು.

ನನ್ನ ಬಾಡಿಗೆ ಕೋಣೆಯ ಹಿಂದೆಯೇ ಅವರ ಮಂಡಕ್ಕಿ ಭಟ್ಟಿ. ಮಾಯಕೊಂಡದಿಂದ ಮದುವೆಯಾಗಿ ಬಂದಂದಿನಿಂದ ಆಕೆಯ ಹಗಲೆಲ್ಲ ಕಳೆದದ್ದು ಅಲ್ಲೇ. ಗಂಡ ಖಾಜಾ ಹುಸೇನ್ ಕಾದ ಮರಳಿನಲ್ಲಿ ಅಕ್ಕಿ ಹುರಿದರೆ ಈಕೆ ಜರಡಿ ಹಿಡಿಯುತ್ತಿದ್ದರು. ಆ ಸದ್ದಿನಲ್ಲಿ ಮಾತು ಕೇಳುವ ಮಾತೇ ಇಲ್ಲ. ಹಾಗಾಗಿ ಅವರದು ಕೈಸನ್ನೆಯ ಸಂಸಾರ. ಹೆಬ್ಬೆರಳು ತುಟಿಗೆ ಬಂದರೆ ಚಹಾ. ಬೆರಳು ಉಜ್ಜಿದರೆ ಉಪ್ಪು. ಸೆರಗು ಕೊಡವಿದರೆ ಜಗಳ, ಸಂಜೆ ಮನೆಯಲ್ಲಿ ಮುಂದುವರಿಯುತ್ತದೆ ಎಂದರ್ಥ. ಸಂಜೆಯ ಮಾತು ಮಾತ್ರ ಇಡೀ ಓಣಿಗೆ ಕೇಳುವಂತಿರುತ್ತಿತ್ತು. ಅವರ ಸಾರಿಗೆ ಹುಳಿ ಹೆಚ್ಚಾದದ್ದು ಅವರು ಉಣ್ಣುತ್ತಿರುವಾಗಲೇ ನನಗೂ ತಿಳಿಯುತ್ತಿತ್ತು. ನಾನು ಎದುರಿಗಿದ್ದರೆ, ಪಾಪ, ನನಗೆ ಅರ್ಥವಾಗಲೆಂದು ಜಗಳವನ್ನೂ ಕನ್ನಡದಲ್ಲೇ ಆಡುತ್ತಿದ್ದರು.

ಆ ಬೇಸಿಗೆಗೆ ಇಬ್ಬರಿಗೂ ಹಜ್ ಯಾತ್ರೆ ನಿಕ್ಕಿಯಾಯಿತು. ಅಮೀನಾಬೀ ನನ್ನನ್ನು ಕರೆದರು.

"ಬೇಟಾ, ಆ ಕಿವಿಬುಟ್ಟಿ ಹಾಕ್ಕೊಂಡ್ರೆ ಹೊರಗಿನ ಸದ್ದು ಕೇಳಲ್ಲೇನು?"

"ಏನೇನೂ ಕೇಳಲ್ಲಮ್ಮ," ಎಂದೆ ಗತ್ತಿನಿಂದ.

"ಹಂಗಾದ್ರೆ ನಂಗೂ ಒಂದು ನೋಡು. ದಿನಾ ಭಟ್ಟಿ ಸದ್ದು ತಿಂದು ಸಂಜೀಗೆ ತಮ್ಮನ ಹೆಸ್ರೂ ನೆನಪಿಗೆ ಬರಲ್ಲ. ವಿಮಾನ ಗಂಟೆಗಟ್ಲೆ ಗುಂಯ್ ಅಂದ್ರೆ ನಿಯ್ಯತ್ತಿನ ಮಾತೇ ಮರ್ತು ಹೋಯ್ತು ಅಂದ್ರೆ?"

ನಿಯ್ಯತ್ತು ಎಂದರೆ ಯಾತ್ರೆಯ ಸಂಕಲ್ಪ. ಮೆಕ್ಕಾಕ್ಕೆ ಮುಂಚೆ ಮೀಕಾತ್ ಎಂಬ ಗಡಿಯಿದೆಯಂತೆ. ಅದನ್ನು ದಾಟುವ ಮೊದಲೇ ಆ ಮಾತು ಹೇಳಿ ಮುಗಿಸಬೇಕು. ವಿಮಾನವೋ ಆಕಾಶದಲ್ಲೇ ದಾಟಿಬಿಡುತ್ತದೆ. "ಬಸ್ಸಾದ್ರೆ ವಸಿ ನಿಲ್ಸಪ್ಪ ಅನ್ನಬೋದು," ಎಂದು ಅಮೀನಾಬೀ ನಿಟ್ಟುಸಿರು ಬಿಟ್ಟರು.

ಭಟ್ಟಿಯನ್ನೇ ವಿಮಾನವೆಂದುಕೊಂಡು ಪರೀಕ್ಷೆ ಶುರುವಾಯಿತು. ಮೊದಲು ನನ್ನ ಹೆಡ್‌ಫೋನ್.

"ಇದು ನನ್ನ ಜರಡಿಗಿಂತ ಕಡೆ. ಎಲ್ಲಾ ಒಳಗೆ ಬರ್ತೈತೆ. ನೀ ದಿನಾ ಬಸ್ಸಿನಾಗೆ ಏನ್ ಕೇಳ್ತಿ?"

"ಹಾಡಮ್ಮ."

"ಹಾಡು ಮುಗಿದ ಮ್ಯಾಲೆ?"

ನಾನು ಬೆಂಕಿಯ ಕಡೆ ನೋಡಿದೆ.

ಎರಡನೆಯದು ಕ್ಯಾಸೆಟ್ ಅಂಗಡಿಯಿಂದ ಕಾಡಿ ತಂದ ದಪ್ಪ ಮೆತ್ತೆಯದು. ಅದರಲ್ಲಿ ಭಟ್ಟಿ ಅಡಗಬೇಕಾದರೆ ಹಾಡು ಕಿರುಚಬೇಕು. "ಹಜ್‌ಗೆ ಹೊಂಟೋಳ ಕಿವೀಗೆ ಸಿನಿಮಾ ಹಾಡು ತುಂಬ್ತೀಯಲ್ಲೋ!" ಎಂದು ಅದನ್ನೂ ಕಿತ್ತಿಟ್ಟರು.

ಮೂರನೆಯದನ್ನು ಹರಿಹರದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡೆ. ನಮ್ಮ ಕಾರ್ಖಾನೆಯಲ್ಲಿ ತಗಡು ಬಡಿಯುವವರು ಹಾಕಿಕೊಳ್ಳುವ ಹಳದಿ ಕಿವಿಮುಚ್ಚಳ. ತಂತಿಯಿಲ್ಲ, ಹಾಡಿಲ್ಲ. ಅಮೀನಾಬೀ ಸೆರಗಿನೊಳಗೆ ಅದನ್ನು ಕೂರಿಸಿಕೊಂಡರು. ಮುಖವೇ ಬದಲಾಯಿತು.

"ಭಟ್ಟಿ ಆರಿಸಿಬಿಟ್ರಾ?" ಎಂದು ಕೂಗಿದರು. ಎದುರಿಗೇ ಬೆಂಕಿ ಧಗಧಗ ಉರಿಯುತ್ತಿತ್ತು. ಆಕೆ ಅದನ್ನು ಹೊಸದಾಗಿ ನೋಡುವವರಂತೆ ನೋಡುತ್ತ ನಿಂತರು.

ಹಿಂದಿನಿಂದ ಖಾಜಾ ಸಾಬರು "ಅಮೀನಾ!" ಎಂದರು. ಇನ್ನೊಮ್ಮೆ ಜೋರಾಗಿ ಕರೆದರು. ಆಕೆ ಬೆಂಕಿ ನೋಡಿ ನಗುತ್ತಲೇ ಇದ್ದರು. ಸಾಬರು ಮುಂದೆ ಬಂದು ಒಂದು ಮುಚ್ಚಳ ಎತ್ತಿದರು.

"ಮೀಕಾತ್ ಬಂತು ಅಂತ ವಿಮಾನದಾಗೆ ಕೂಗಿ ಹೇಳ್ತಾರೆ. ಗಂಡ ಕರೆದಿದ್ದೇ ಕೇಳ್ಲಿಲ್ಲ, ಅದು ಕೇಳ್ತೈತಾ?"

ಅಮೀನಾಬೀಯ ನಗು ಆರಿತು. ಸದ್ದಿದ್ದರೆ ಮಾತು ಮರೆಯುತ್ತದೆ; ಸದ್ದಿಲ್ಲದಿದ್ದರೆ ಹೊತ್ತೇ ತಪ್ಪುತ್ತದೆ.

"ನೀವು ಪಕ್ಕದಾಗೇ ಇರ್ತೀರಲ್ಲ, ಕೈಸನ್ನಿ ಮಾಡ್ರಿ. ಮಲಗಿಬಿಟ್ಟೀರಿ ಮತ್ತೆ!"

"ಹಜ್‌ಗೆ ಹೋಗೋನು ಮಲಗ್ತೀನಾ? ಮಾಡ್ತೀನಿ," ಎಂದು ಸಾಬರು ತೋರುಬೆರಳನ್ನು ಮೇಲಕ್ಕೆತ್ತಿದರು. ಅವರ ಭಾಷೆಗೆ ಒಂದು ಹೊಸ ಸನ್ನೆ ಸೇರಿತು.

ಹಜ್ ಮುಗಿಸಿ ಹಿಂತಿರುಗಿದ ಮೇಲೆ ಅಮೀನಾಬೀ ನನ್ನ ಕೈಗೆ ಖರ್ಜೂರ ಕೊಟ್ಟು ಕೂರಿಸಿಕೊಂಡರು.

"ಹಾಕ್ಕೊಂಡೆ ಬೇಟಾ. ಎಂಥಾ ಶಾಂತಿ ಅಂತಿ! ಖುಷಿಯಾಗಿ ನಿಮ್ಮ ಸಾಬ್ರ ಕಡೆ ತಿರುಗಿದ್ರೆ, ಬಾಯಿ ತೆರೆದೈತೆ, ಗದ್ದ ಎದೀಗೆ ಬಿದ್ದೈತೆ."

"ಕಣ್ಣು ಮುಚ್ಚಿ ದುವಾ ಮಾಡ್ತಿದ್ದೆ," ಎಂದರು ಸಾಬರು ಒಳಗಿನಿಂದ.

"ಗೊರಕೆ ಹೊಡೆಯೋ ದುವಾ! ಇನ್ನು ಕೈಸನ್ನಿ ಮಾಡೋರು ಯಾರು? ಆವಾಗಿಂದಾವಾಗ ಮುಚ್ಚಳ ಕಿತ್ತೆ. ಗುಂಯ್ ಅಂತ ಬಂತು ಸದ್ದು. ಹೆದರಿಕೀಗೆ ಕೈ ತಾನೇ ಅಲ್ಲಾಡಕ್ಕೆ ಹತ್ತಿತು, ಜರಡಿ ಹಿಡಿದಂಗೆ. ಕೈ ಅಲ್ಲಾಡಿದ್ದೇ ತಡ, ನಿಯ್ಯತ್ತಿನ ಮಾತು ಒಂದೂ ತಪ್ಪದೆ ಬಂತು ನೋಡು. ಅದನ್ನೇ ಹೇಳ್ಕೊಂತ ಕುಂತೆ. ಮೀಕಾತ್ ಅಂತ ಕೂಗಿದ್ರು. ಇವ್ರ ಭುಜ ಅಲ್ಲಾಡಿಸಿ..."

ಅಮೀನಾಬೀ ತೋರುಬೆರಳನ್ನು ಮೇಲಕ್ಕೆತ್ತಿ ತೋರಿಸಿದರು.

ಆಮೇಲೆ ಹಳದಿ ಮುಚ್ಚಳವನ್ನು ನನ್ನ ಮಡಿಲಿಗಿಟ್ಟರು. "ತಗೊ, ಬಸ್ಸಿನಾಗೆ ಹಾಕ್ಕೊ. ಇದಕ್ಕೆ ಸೆಲ್ಲೂ ಬ್ಯಾಡ."

ಈಗ ಅದೇ ಊರಿನ ಎಂ.ಸಿ.ಸಿ. ಬಡಾವಣೆಯಲ್ಲಿ ಕೋಣೆ ಹಿಡಿದಿದ್ದೇನೆ. ಮರ್ಯಾದಸ್ಥರ ಬೀದಿ, ಯಾರೂ ಜೋರಾಗಿ ಮಾತಾಡುವುದಿಲ್ಲ. ಮುಚ್ಚಳ ಗೋಡೆಯ ಮೊಳೆಗೆ ನೇತಾಡುತ್ತಿದೆ. ಸಂಜೆ ಬಸ್ಸಿಳಿದು ಬಂದು ಕಿಟಕಿ ತೆರೆದಿಟ್ಟು ಕೂರುತ್ತೇನೆ. ಯಾರ ಮನೆಯ ಸಾರಿಗೆ ಹುಳಿ ಹೆಚ್ಚಾಯಿತೆಂದು ಇಲ್ಲಿ ತಿಳಿಯುವುದೇ ಇಲ್ಲ.