ಎಲ್ಲರ ಮುಂದೆ

ಅಥಣಿಯ ನಮ್ಮ ಚರ್ಚಿನ ಹಿರಿಯರೊಬ್ಬರು ಮಾತು ಶುರುಮಾಡುವ ಮುನ್ನ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತಿದ್ದರು. "ದೇವರ ಮನ್ಯಾಗ ಅದೀವಿ" ಎಂಬುದು ಅವರ ಬಾಯಲ್ಲಿ ಸದಾ ಇದ್ದ ಮಾತು. ಹುಡುಗರು ಪಿಸುಗುಟ್ಟಿದರೂ ಅದೇ, ಫ್ಯಾನು ಸದ್ದು ಮಾಡಿದರೂ ಅದೇ.

ಒಂದು ಭಾನುವಾರ ಬೋಧನೆಯ ನಡುವೆ ನನ್ನ ಮಗಳ ಕೈಯಲ್ಲಿ ಮೊಬೈಲ್ ಕಂಡು, ಎಲ್ಲರೆದುರೇ ಬೈದು ಹೊರಗೆ ಕಳಿಸಿದರು. ಅವಳು ಅದರಲ್ಲಿ ಓದುತ್ತಿದ್ದದ್ದು ಬೈಬಲ್. "ನಾ ಇನ್ನ ಚರ್ಚಿಗೆ ಬರಂಗಿಲ್ಲ, ಅವ್ವಾ" ಎಂದು ಮನೆಯಲ್ಲಿ ಅತ್ತಳು. ಅವಳು ಓದುತ್ತಿದ್ದದ್ದೇನೆಂದು ನಾನೇ ಹಿರಿಯರಿಗೆ ತಿಳಿಸಿದೆ.

ಶನಿವಾರ ಸಂಜೆ ಅವರೇ ಮನೆಗೆ ಬಂದು, "ನಾಳೆ ಒಂದ ಸಲ ಬಾ, ಮಗಳ" ಎಂದಷ್ಟೇ ಕೇಳಿಕೊಂಡರು. ಮುಖ ಗಂಟಿಕ್ಕಿಕೊಂಡೇ ಅವಳು ಬಂದಳು. ಪ್ರಾರ್ಥನೆಗೆ ಮುಂಚೆ ಅವರು ಎದ್ದು ನಿಂತರು. "ಹೋದ ವಾರ ಈ ಹುಡುಗಿ ದೇವರ ವಾಕ್ಯ ಓದಾಕತ್ತಿದ್ಲು. ನಾ ಏನೂ ಕೇಳದ ಬೈದೆ. ತಪ್ಪ ನಂದು. ಕ್ಷಮಿಸವಾ" ಎಂದು ಅವಳಿಗೆ ಕೈಮುಗಿದರು. ಹಿಂದಿದ್ದ ಕಾಲೇಜು ಹುಡುಗರ ಗುಸುಗುಸು ನಿಂತಿತು.

"ಇರಲಿ ಬಿಡ್ರಿ, ಅಜ್ಜಾರ" ಎಂದಳು ಮಗಳು. ಅವಳ ಮುಖ ಸಡಿಲಾಗಿತ್ತು.

ಸಂಕೋಚವಾದದ್ದು ನನಗೆ. ಆರಾಧನೆ ಮುಗಿದ ಮೇಲೆ, "ನಿನ್ನೆ ಮನ್ಯಾಗ ಹೇಳಿದ್ರ ಸಾಕಿತ್ತಲ್ರಿ" ಎಂದೆ.

"ನಾ ಬೈದದ್ದು ನಿಮ್ಮ ಮನ್ಯಾಗ ಅಲ್ಲಲ್ಲವಾ" ಎಂದರು.